ಇನ್ನೂರ ಇಪ್ಪತ್ತೊಂದು ಮೀಟರ್

ಹಳೆಯ ಕೇಬಲ್ಲಿನ ಕಪ್ಪು ಸಿಪ್ಪೆಯನ್ನು ಬ್ಲೇಡಿನಿಂದ ಸೀಳಿದರೆ ಒಳಗಿನಿಂದ ಒಂದು ವಾಸನೆ ಬರುತ್ತದೆ. ನೀರು ಇಳಿಯದಿರಲೆಂದು ತುಂಬಿರುವ ಅಂಟಂಟು ಜೆಲ್ಲಿಯ ವಾಸನೆ. ಆಗಷ್ಟೇ ಆರಿಸಿದ ಮೇಣದಬತ್ತಿಗೆ ಒಂದಿಷ್ಟು ಸೀಮೆಎಣ್ಣೆ ಸೇರಿದ ಹಾಗೆ. ಹೋದ ತಿಂಗಳು ಬೆಳಗಾವಿ ಕ್ಯಾಂಪಿನ ನಮ್ಮ ಅಂಗಡಿಯ ಅಟ್ಟ ಖಾಲಿ ಮಾಡುವಾಗ ಮೂಲೆಯಲ್ಲಿ ಅಂಥ ಕೇಬಲ್ಲಿನ ಸುರುಳಿಯೊಂದು ಸಿಕ್ಕಿತು. ಇಟ್ಟುಕೊಳ್ಳುವುದೋ ಗುಜರಿಗೆ ಹಾಕುವುದೋ ನೋಡೋಣವೆಂದು ತುದಿ ಕತ್ತರಿಸಿದೆ. ವಾಸನೆ ಮೂಗಿಗೆ ಬಡಿಯಿತು. ಬ್ಲೇಡು ಅಲ್ಲೇ ಇಟ್ಟು ಹೊರಗೆ ಬಂದು ರಸ್ತೆಯ ಬದಿ ನಿಂತೆ. ಜೊತೆಯಲ್ಲಿದ್ದವರು ಏನಾಯಿತೆಂದು ಕೇಳಿದರು. ಧೂಳು ಆಗಿಬರುವುದಿಲ್ಲ ಅಂದೆ.

ಹನ್ನೊಂದು ವರ್ಷದ ಹಿಂದಿನ ಮಳೆಗಾಲ. ಆಗ ನನಗೆ ಇಪ್ಪತ್ನಾಲ್ಕು. ಡಿಪ್ಲೊಮಾ ಮುಗಿಸಿ ಇದೇ ಅಂಗಡಿಗೆ ಸೇರಿ ಎಂಟು ತಿಂಗಳಾಗಿತ್ತು. ಅಳತೆಯ ಉಪಕರಣಗಳನ್ನು ರಿಪೇರಿ ಮಾಡುವುದು, ಬಾಡಿಗೆಗೆ ಕೊಡುವುದು, ಬೇಕಾದವರಿಗೆ ಹೋಗಿ ಅಳೆದು ಕೊಡುವುದು ನಮ್ಮ ಕೆಲಸ. ಆ ವರ್ಷ ನಮ್ಮ ಸಾಹೇಬರು ಧೈರ್ಯ ಮಾಡಿ ಒಂದು ನೆಟ್‌ವರ್ಕ್ ಅನಲೈಜರ್ ತರಿಸಿದ್ದರು. ಎರಡು ರಿಜಿಸ್ಟರ್ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಕೊರಳಿಗೆ ಹಾಕಿಕೊಳ್ಳಲು ಪಟ್ಟಿ, ಮುಂದೆ ಬಣ್ಣದ ಪರದೆ. ಹೀಗೆ ಹೊತ್ತುಕೊಂಡು ತಿರುಗುವಂಥದ್ದು ಬೆಳಗಾವಿಯಲ್ಲಿ ಇನ್ನೊಬ್ಬರ ಬಳಿ ಇಲ್ಲ ಎಂದು ಸಾಹೇಬರು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ನಡೆಸಲು ಕಲಿತವಳು ನಾನೊಬ್ಬಳೇ. ಸದಾಶಿವನಗರದ ನಮ್ಮ ಮನೆಯಲ್ಲಿ ಅಪ್ಪ, ಸಾಲೆ ಮಾಸ್ತರಿಕೆಯಿಂದ ನಿವೃತ್ತರಾದವರು, ನೆರೆಯವರಿಗೆ ಆ ಯಂತ್ರದ ಹೆಸರನ್ನು ತಪ್ಪಿಲ್ಲದೆ ಹೇಳಲು ಬಾಯಿಪಾಠ ಮಾಡಿದ್ದರು.

ಜೂನ್ ಮೊದಲ ವಾರ ಖಾನಾಪುರದಿಂದ ಪರಶುರಾಮ ಶೇಠ ಬಂದರು. ಊರಿನ ಅರ್ಧ ಭಾಗಕ್ಕೆ ಕೇಬಲ್ ಟಿವಿ ಕೊಡುತ್ತಿದ್ದವರು ಅವರೇ. ಅದೇ ಕೇಬಲ್ಲಿನಲ್ಲಿ ಇಂಟರ್ನೆಟ್ಟನ್ನೂ ಕೊಡಬೇಕೆಂಬುದು ಅವರ ಆಸೆ. ಅದಕ್ಕೆ ಸಿಗ್ನಲ್ ಹಂಚುವ ಒಂದು ಡಬ್ಬಿಯಿಂದ ಮುಂದಿನ ಡಬ್ಬಿಯವರೆಗೆ ಕೇಬಲ್ ಎಷ್ಟು ಉದ್ದವಿದೆ, ಸಿಗ್ನಲ್ ಮುಟ್ಟಲು ಎಷ್ಟು ತಡವಾಗುತ್ತದೆ ಎಂಬ ಲೆಕ್ಕ ಬೇಕಾಗಿತ್ತು.

"ಹದಿನೆಂಟ ವರ್ಷದಿಂದ ಎಳಕೋತ ಬಂದೇವ್ರೀ ಸಾಹೇಬ್ರ. ಎಲ್ಲಿ ಎಷ್ಟ ಐತಿ ಅನ್ನೂದು ದೇವರಿಗೇ ಗೊತ್ತ" ಎಂದು ನಕ್ಕರು.

ದೇವರಿಗೆ ಗೊತ್ತಿತ್ತೋ ಇಲ್ಲವೋ, ಮಾರುತಿ ಅಣ್ಣನಿಗೆ ಗೊತ್ತಿತ್ತು. ಶೇಠರ ಬಳಿ ಮೊದಲಿನಿಂದ ದುಡಿದ ಲೈನ್‌ಮನ್ ಅವರು. ವಯಸ್ಸು ನಲವತ್ತರ ಆಸುಪಾಸು, ಬಿದಿರಿನ ಹಾಗೆ ಸಣಕಲು ಮೈ. ಮನೆತನ ಕುರಿ ಸಾಕುವವರದು. ಕುರಿ ಬಿಟ್ಟು ಕಂಬ ಹತ್ತಿದ ಮೊದಲಿಗರು ಇವರು. ಖಾನಾಪುರದಲ್ಲಿ ಶೇಠರ ಒಂದೊಂದು ನೀಲಗಿರಿ ಕಂಬವನ್ನೂ ನೆಟ್ಟದ್ದು, ಒಂದೊಂದು ಗೇಣು ಕೇಬಲ್ಲನ್ನೂ ಎಳೆದದ್ದು ಇವರ ಕೈಯೇ.

ಬೆಳಗಾವಿಯಲ್ಲಿ ಬಸ್ಸು ಹತ್ತುವಾಗ ಜಿನುಗು ಮಳೆ ಇರುತ್ತಿತ್ತು. ದೇಸೂರು ದಾಟುವುದರೊಳಗೆ ಕಿಟಕಿಯ ಹೊರಗೆ ಏನೂ ಕಾಣಿಸುತ್ತಿರಲಿಲ್ಲ. ಖಾನಾಪುರದ ಹಂಚಿನ ಕಾರ್ಖಾನೆಗಳ ಅಂಗಳದಲ್ಲಿ ರಾಶಿ ಹಾಕಿದ ಕೆಂಪು ಮಣ್ಣು ಕರಗಿ ರಸ್ತೆಗೆ ಹರಿಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮಾರುತಿ ಅಣ್ಣ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಕೊಡೆ ಹಿಡಿದು ಕಾಯುತ್ತಿದ್ದರು. ಕೊಡೆ ನನಗಲ್ಲ, ಯಂತ್ರಕ್ಕೆ.

"ನೀವ ತೋಯ್ಸಿಕೊಂಡ್ರ ಒಣಗತೀರಿ. ಇದು ತೋಯ್ತಂದ್ರ ಶೇಠ ನನ್ನ ಒಣಗಸ್ತಾನ" ಎಂದು ಮೊದಲ ದಿನವೇ ಹೇಳಿದರು.

ಎರಡು ದಿನ ನನ್ನನ್ನು ಮೇಡಮ್ಮಾರ ಎಂದರು. ಮೂರನೇ ದಿನ ಅವರ ಮನೆಯಲ್ಲಿ ಊಟವಾಯಿತು. ಅಲ್ಲಿಂದ ಮುಂದೆ ತಂಗೆವ್ವ ಆದೆ. ಅವರ ಹೆಂಡತಿ, ನನಗೆ ಅತ್ತಿಗೆಯಾದ ಲಕ್ಷ್ಮೀ ವೈನಿ, ಅಕ್ಕಿಹಿಟ್ಟಿನ ಭಾಕ್ರಿ ಬಡಿದು ಕಡಲೆಹಿಟ್ಟಿನ ಝುಣಕಾ ಮಾಡಿದ್ದರು. "ನಮ್ಮ ಮನ್ಯಾಗ ಮೀನ, ಖಂಡ ಎಲ್ಲಾ ನಡಿತೈತ್ರೀ. ನಿಮ್ಮ ಪಾತ್ರೆ ಬ್ಯಾರೇನ ಇಟ್ಟೇನಿ, ಸಂಕೋಚ ಮಾಡಬ್ಯಾಡ್ರಿ" ಎಂದು ಹೊಸ ಸ್ಟೀಲ್ ಪಾತ್ರೆ ತೋರಿಸಿದರು. ನನ್ನ ತೊಯ್ದ ಓಢಣಿಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ನಾನು ಉಂಡು ಏಳುವುದರೊಳಗೆ ಒಣಗಿಸಿ ಕೊಟ್ಟರು. ಅದರಲ್ಲಿ ಹೊಗೆಯ ವಾಸನೆ ಎರಡು ದಿನ ಉಳಿದಿತ್ತು. ಸಾಲೆಯಿಂದ ಬಂದ ಇಬ್ಬರು ಹೆಣ್ಣುಮಕ್ಕಳು ಯಂತ್ರದ ಪರದೆಯನ್ನು ಬೆರಳಿನಿಂದ ಮುಟ್ಟಿ ಓಡಿಹೋಗುತ್ತಿದ್ದರು.

ಅದು ಹೇಗೆ ಅಳೆಯುತ್ತದೆ ಎಂದು ಮಾರುತಿ ಅಣ್ಣ ಕೇಳಿದ್ದು ಅವತ್ತೇ. ನಾನು ಹೇಳಿದೆ. ಯಂತ್ರ ಕೇಬಲ್ಲಿನೊಳಗೆ ಸಿಗ್ನಲ್ ಬಿಡುತ್ತದೆ. ಕೇಬಲ್ ಎಲ್ಲಿ ತುಂಡಾಗಿದೆಯೋ, ಎಲ್ಲಿ ಕೆಟ್ಟಿದೆಯೋ ಅಲ್ಲಿಗೆ ಬಡಿದು ಸಿಗ್ನಲ್ ವಾಪಸ್ಸು ಬರುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿನವರೆಗೂ ಎಣಿಸುತ್ತದೆ. ಗಾಳಿಯಲ್ಲಿ ಓಡುವಷ್ಟು ಜೋರಾಗಿ ಸಿಗ್ನಲ್ ಕೇಬಲ್ಲಿನಲ್ಲಿ ಓಡುವುದಿಲ್ಲ; ಈ ಜಾತಿಯ ಕೇಬಲ್ಲಿನಲ್ಲಿ ನೂರಕ್ಕೆ ಎಂಬತ್ತೈದರಷ್ಟು. ಆ ಸಂಖ್ಯೆಯನ್ನು ನಾವೇ ಯಂತ್ರಕ್ಕೆ ಕೊಡಬೇಕು. ಆಮೇಲೆ ಅದು ತಾನೇ ಅರ್ಧ ಮಾಡಿ ಉದ್ದ ಹೇಳುತ್ತದೆ.

ಅವರು ಭಾಕ್ರಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. "ಅಂದ್ರ ಬಾವ್ಯಾಗ ಕೂಗಿದಂಗ ಅನ್ರಿ. ಆಳ ಇದ್ದಷ್ಟ ತಡಾ ಮಾಡಿ ತಿರಿಗಿ ಬರತೈತಿ."

ನನ್ನ ಕಾಲೇಜಿನಲ್ಲಿ ಇದನ್ನು ಒಂದು ಸೆಮಿಸ್ಟರ್ ಪೂರ್ತಿ ಹೇಳಿದ್ದರು.

ಮರುದಿನ ಒಂದು ಗಲ್ಲಿಯಲ್ಲಿ ಯಂತ್ರ ನೂರ ಅರವತ್ನಾಲ್ಕು ಮೀಟರ್ ಎಂದಿತು. ಅವರು ರಸ್ತೆಯ ಮೇಲೆ ಅಳತೆಯ ಗಾಲಿ ಉರುಳಿಸಿದರೆ ನೂರ ಐವತ್ತು. ನಾನು ಸಂಖ್ಯೆ ತಿದ್ದಿದೆ, ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿದೆ, ಮೂರು ಸಲ ಅಳೆದೆ. ನೂರ ಅರವತ್ನಾಲ್ಕೇ. ಸಾಹೇಬರಿಗೆ ಫೋನ್ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಮಾರುತಿ ಅಣ್ಣ ನಗುತ್ತ ಕಂಬದ ತಲೆ ತೋರಿಸಿದರು. ಅಲ್ಲಿ ಕೇಬಲ್ಲನ್ನು ಸಿಂಬಿಯ ಹಾಗೆ ಸುತ್ತಿ ಕಟ್ಟಿತ್ತು.

"ಕಂಬಕ್ಕ ಎರಡ ಮೀಟರ್ ಹೆಚ್ಚಿಗಿ ಬಿಟ್ಟೇನ್ರಿ. ನಾಳೆ ಮಂಗ್ಯಾ ಜಗ್ಗಿ ಹರೀತೈತಿ, ಇಲ್ಲಾ ಲಾರಿ ಬಡೀತೈತಿ. ಆವಾಗ ಜೋಡಸಾಕ ಕೇಬಲ್ ಬೇಕಲ್ಲ. ಏಳ ಕಂಬ, ಹದಿನಾಕ ಮೀಟರ್. ನಿಮ್ಮ ಮಷಿನ್ ಕೇಬಲ್ಲ ಅಳೀತೈತಿ, ನನ್ನ ಗಾಲಿ ನೆಲಾ ಅಳೀತೈತಿ. ಎರಡೂ ಖರೇ ಅದಾವ."

ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಲೈನಿಗೂ ಎರಡು ಅಂಕಿ ಬರೆದೆ, ಕೇಬಲ್ಲಿನದು ಮತ್ತು ನೆಲದ್ದು. ಶೇಠರಿಗೆ ಕೊಟ್ಟ ವರದಿಯಲ್ಲಿ ಕೇಬಲ್ಲಿನ ಉದ್ದ ಮಾತ್ರ ಇತ್ತು. ಇಂಟರ್ನೆಟ್ಟಿಗೆ ಬೇಕಾದದ್ದು ಅದೇ.

ಜುಲೈ ಕೊನೆಯಲ್ಲಿ ಮಾರುತಿ ಅಣ್ಣ ಕೆಲಸ ಬಿಟ್ಟರು. ಮೂರು ದಿನ ಬಿಡದೆ ಹೊಡೆದ ಮಳೆಯಲ್ಲಿ ಹೊಳೆಯ ಕಡೆಯ ಲೈನು ಹೋಗಿತ್ತು. ಅಲ್ಲಿನ ಕಂಬದ ಪಕ್ಕದಲ್ಲೇ ಕರೆಂಟಿನ ತಂತಿ ಹಾಯ್ದಿದೆ. ಕಂಬ ತೊಯ್ದು ಪಾಚಿ ಕಟ್ಟಿದೆ, ಬೆಲ್ಟ್ ಕೊಡಿಸಿರಿ, ಕರೆಂಟ್ ತೆಗೆಸಿರಿ, ಆಮೇಲೆ ಹತ್ತುತ್ತೇನೆ ಎಂದರು. ಶೇಠರು ನಾಲ್ಕು ಮಂದಿಯ ಮುಂದೆ, "ಹದಿನೆಂಟ ವರ್ಷ ಹತ್ತಿದಾಂವಗ ಇವತ್ತ ಜೀವದ ಆಸೆ ಬಂತೇನು" ಎಂದರು. ಮಾರುತಿ ಅಣ್ಣ ಸೊಂಟದಲ್ಲಿದ್ದ ಪಕ್ಕಡ್, ತಂತಿ ಕತ್ತರಿಸುವ ಇಕ್ಕಳ, ತೆಗೆದು ಶೇಠರ ಮೇಜಿನ ಮೇಲಿಟ್ಟು ಹೊರಗೆ ನಡೆದರು. ನಾನು ಅಲ್ಲೇ ಕುರ್ಚಿಯಲ್ಲಿ ಕುಳಿತು ವರದಿ ಬರೆಯುತ್ತಿದ್ದೆ.

ಆಗಸ್ಟ್‌ನಲ್ಲಿ ಅವರು ಡಿಶ್ ಕೂರಿಸುವ ಕೆಲಸ ಹಿಡಿದರು. ಮಳೆಯಲ್ಲಿ ಹತ್ತು ಸಲ ಹೋಗುವ ಕೇಬಲ್ಲಿಗೆ ಬೇಸತ್ತ ಮಂದಿ ಒಬ್ಬೊಬ್ಬರಾಗಿ ಡಿಶ್ ಹಾಕಿಸುತ್ತಿದ್ದರು. ಮಾರುತಿ ಅಣ್ಣನ ಕೈಯ ಕೆಲಸ ಊರಿಗೇ ಗೊತ್ತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೆಗಲ ಮೇಲೆ ಬಿಳಿ ಡಿಶ್ ಇತ್ತು. "ಈಗ ಬರೇ ಮಾಳಗಿ ಏರತೇನ್ರಿ ತಂಗೆವ್ವ, ಕಂಬದ ಕಾಟ ತಪ್ಪೈತಿ" ಎಂದರು. ಅಷ್ಟು ಹಗುರವಾಗಿ ಅವರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಗಣಪತಿ ಬಂತು. ಮಾರುತಿ ಅಣ್ಣನ ಮನೆ ಇದ್ದ ಓಣಿಯ ಮಂಡಳಿಗೆ ಅಧ್ಯಕ್ಷರೂ ಶೇಠರೇ. ಮಂಟಪದ ಆರತಿಯನ್ನು ತಮ್ಮ ಲೋಕಲ್ ಚಾನೆಲ್ಲಿನಲ್ಲಿ ಮನೆಮನೆಗೆ ತೋರಿಸುವುದು ವರ್ಷವರ್ಷದ ಪದ್ಧತಿ. ಹಬ್ಬದ ಹಿಂದಿನ ದಿನ ಕಂಬಕಂಬಕ್ಕೂ ಶೇಠರ ಫೋಟೊ ಇದ್ದ ಶುಭಾಶಯದ ಬ್ಯಾನರ್ ಏರಿದವು. ಹಬ್ಬದ ದಿನ ಬೆಳಿಗ್ಗೆ ನೋಡಿದರೆ ಓಣಿಯ ಕೆಳಗಿನ ಅರ್ಧ ಭಾಗಕ್ಕೆ ಟಿವಿಯೇ ಇಲ್ಲ. ಶೇಠರ ಹೊಸ ಲೈನ್‌ಮನ್ ಬಸು ದಿನವಿಡೀ ಹುಡುಕಿದರೂ ಸಿಗಲಿಲ್ಲ. ಯಾರೋ ಕೇಬಲ್ಲಿಗೆ ಟಾಚಣಿ ಚುಚ್ಚಿದ್ದಾರೆ ಎಂಬ ಮಾತು ಸಂಜೆಯೊಳಗೆ ಹಬ್ಬಿತು. ಕೇಬಲ್ ನಡೆಸುವವರಿಗೆಲ್ಲ ಗೊತ್ತಿರುವ ಕಿತಾಪತಿ ಅದು. ಸಣ್ಣ ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿ ತಲೆ ಮುರಿದುಬಿಟ್ಟರೆ ಒಳತಂತಿಗೂ ಹೊರಬಲೆಗೂ ಸೇರಿಕೊಂಡು ಸಿಗ್ನಲ್ ಅಲ್ಲಿಗೇ ಸಾಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಮರುದಿನ ಸಾಹೇಬರು ನನ್ನನ್ನು ಕಳಿಸಿದರು. ನಾನು ಮುಟ್ಟಿದಾಗ ಬೆಳಗಿನ ಹನ್ನೊಂದು. ಮಳೆ ನಿಂತು, ಬಿಸಿಲು ಬಿದ್ದು, ಓಣಿ ಹಬೆಯಾಡುತ್ತಿತ್ತು. ಮೂಲೆಯ ಡಬ್ಬಿಯ ಹತ್ತಿರ ನಲವತ್ತು ಐವತ್ತು ಜನ. ನಾನು ಯಂತ್ರ ತೆಗೆದಾಗ ದಾರಿ ಬಿಟ್ಟರು. ಒಬ್ಬ ಹೆಣ್ಣುಮಗಳು ಏನು ಮಾಡುತ್ತಾಳೆ ಎಂದು ಹೆಂಗಸರು ಕಟ್ಟೆ ಹತ್ತಿ ನಿಂತು ನೋಡುತ್ತಿದ್ದರು. ಮೈಮೇಲೆ ಬಿದ್ದ ಅಷ್ಟೂ ಕಣ್ಣು ನನಗೆ ಹಿತವಾಗಿತ್ತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಕೇಬಲ್ ಬಿಚ್ಚಿ ಯಂತ್ರಕ್ಕೆ ಜೋಡಿಸಿದೆ. ಪರದೆಯ ಮೇಲೆ ಗೆರೆ ಮಲಗಿಕೊಂಡು ಹೋಗಿ ಒಂದು ಕಡೆ ಚೂಪಾಗಿ ಎದ್ದಿತು.

"ಎಷ್ಟ್ ಮೀಟರ್ರೀ ಬಾಯಿ?" ಶೇಠರು ಕೇಳಿದರು. ಹೆಂಗಸರನ್ನೆಲ್ಲ ಅವರು ಬಾಯಿ ಎಂದೇ ಕರೆಯುತ್ತಿದ್ದರು.

"ಎರಡನೂರ ಇಪ್ಪತ್ತೊಂದು" ಅಂದೆ.

ನೋಟ್‌ಬುಕ್ ಚೀಲದಲ್ಲಿತ್ತು. ತೆಗೆದು, ಕಂಬ ಎಣಿಸಿ, ಕಳೆದು ಹೇಳಬೇಕಾಗಿತ್ತು. ಚೀಲದ ಜಿಪ್ಪಿಗೆ ಕೈ ಹಾಕಿದ್ದೂ ನೆನಪಿದೆ. ಅಷ್ಟರಲ್ಲಿ ಬಸು ಅಳತೆಯ ಗಾಲಿ ಹಿಡಿದು ಓಡಿಯಾಗಿತ್ತು. ಅವನ ಹಿಂದೆ ಜನ, "ನೂರಾಯ್ತು, ನೂರಾ ಐವತ್ತಾಯ್ತು" ಎಂದು ಕೂಗುತ್ತ. ನಾನು ಯಂತ್ರ ಅಪ್ಪಿಕೊಂಡು ಹಿಂದಿನಿಂದ ಓಡಿದೆ. ಇನ್ನೂರ ಇಪ್ಪತ್ತೊಂದಕ್ಕೆ ಗಾಲಿ ನಿಂತಿತು. ಹನ್ನೊಂದನೇ ಕಂಬ. ಅದು ಮಾರುತಿ ಅಣ್ಣನ ಮನೆಯ ಗೋಡೆಗೆ ಅಂಟಿಕೊಂಡಂತೆ ಇತ್ತು.

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

ಮಾರುತಿ ಅಣ್ಣ ಉಣ್ಣುತ್ತಿದ್ದವರು ಎಂಜಲ ಕೈಯಲ್ಲೇ ಹೊರಗೆ ಬಂದರು. ಹಿಂದೆ ಲಕ್ಷ್ಮೀ ವೈನಿ. ಶೇಠರು ದನಿ ಏರಿಸಲಿಲ್ಲ.

"ಮಾರುತಿ, ನನ್ನ ಉಪ್ಪ ತಿಂದಿ. ದೇವರ ಆರತಿಗೂ ಅಡ್ಡ ಬರೂದಾ?"

"ಏನಾತ್ರೀ ಶೇಠ?"

"ಮಷಿನ್ ಹೇಳೈತಿ. ಎರಡನೂರಾ ಇಪ್ಪತ್ತೊಂದ ಮೀಟರ್. ನಿನ್ನ ಬಾಗಲಾ."

ಮಾರುತಿ ಅಣ್ಣ ನನ್ನನ್ನು ನೋಡಿದರು. ಆಮೇಲೆ ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದರು. ತುಟಿ ಅಲುಗುತ್ತಿದ್ದವು, ಕಂಬ ಎಣಿಸುತ್ತಿದ್ದರು. ಅವರ ಮುಖದಲ್ಲಿ ಹೆದರಿಕೆಯ ಗುರುತೇ ಇರಲಿಲ್ಲ. ಲೆಕ್ಕ ಬಗೆಹರಿದವನ ಸಮಾಧಾನ ಇತ್ತು.

"ಇಲ್ಲಿಲ್ರೀ ಶೇಠ, ಹಿಂದ ಐತಿ. ಹತ್ತ ಕಂಬ ದಾಟಿ ಬಂದೈತಿ ಲೈನ್, ಕಂಬಕ್ಕ ಎರಡ ಮೀಟರ್ ಸುತ್ತಿ ಬಿಟ್ಟೇನಿ. ಇಪ್ಪತ್ತ ಮೀಟರ್ ಹಿಂದ ಸರೀರಿ. ಹತ್ತನೇ ಕಂಬದಾಗ ನೋಡ್ರಿ, ಅಲ್ಲೇ ಐತಿ."

ಹತ್ತನೇ ಕಂಬದಲ್ಲೇ ಇದೆ ಎಂದು ನನಗೂ ಆ ಕ್ಷಣ ಗೊತ್ತಾಯಿತು. ಹದಿನೆಂಟು ವರ್ಷ ಮಾಡಿದ ಕೆಲಸ ಅವರ ಬಾಯಿಂದ ತಾನಾಗಿ ಬಂದಿತ್ತು, ಸಹಾಯ ಮಾಡುವ ಹಾಗೆ. ಜನ ಕೇಳಿಸಿಕೊಂಡದ್ದು ಬೇರೆ.

"ಅಲ್ಲೇ ಐತಿ ಅಂತ ಇವಂಗ ಹೆಂಗ ಗೊತ್ತೋ?" ಯಾರೋ ಕೂಗಿದರು.

"ಇಟ್ಟಾಂವಗ ಗೊತ್ತಿರೂದಿಲ್ಲೇನು!"

ಮಾರುತಿ ಅಣ್ಣನಿಗೆ ಆಗ ಅರ್ಥವಾಯಿತು. ನನ್ನ ಕಡೆ ತಿರುಗಿದರು. "ತಂಗೆವ್ವ, ನೀವರ ಹೇಳ್ರಿ. ನಾವಿಬ್ರೂ ಕೂಡೇ ಅಳದೇವಲ್ಲ."

ನಾನು ಬಾಯಿ ತೆರೆದೆ. ಶೇಠರು ನನಗಿಂತ ಮೊದಲು ಕೇಳಿದರು, ಮೆತ್ತಗೆ, ಎಲ್ಲರಿಗೂ ಕೇಳುವ ಹಾಗೆ. "ಮಷಿನ್ ಎಷ್ಟ ತೋರಿಸ್ತರೀ ಬಾಯಿ? ಎರಡನೂರಾ ಇಪ್ಪತ್ತೊಂದ ಹೌದಲ್ಲ?"

"ಹೌದ್ರಿ" ಅಂದೆ.

ಸುಳ್ಳೇನೂ ಹೇಳಲಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ಬರಬೇಕಾಗಿತ್ತು. ಹೇಳಿದರೆ, ನೀವು ಮೊದಲೇ ಯಾಕೆ ಕಳೆಯಲಿಲ್ಲ ಎಂದು ಕೇಳುತ್ತಾರೆ. ಬೆಳಗಾವಿಯಿಂದ ತಂದ ಯಂತ್ರ ಇಪ್ಪತ್ತು ಮೀಟರ್ ತಪ್ಪಿತು ಎನ್ನುತ್ತಾರೆ. ಸಾಹೇಬರ ಕಿವಿಗೆ ಹೋಗುತ್ತದೆ. ಇಷ್ಟೇ ಕಾರಣ. ಹನ್ನೊಂದು ವರ್ಷ ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ.

ಬಸು ಹತ್ತನೇ ಕಂಬ ಹತ್ತಿದ. ನಾನು ಕೆಳಗೆ ಶೇಠರ ಪಕ್ಕದಲ್ಲಿ ನಿಂತಿದ್ದೆ. ಅವನು ಸುತ್ತನ್ನು ಸವರಿ ನೋಡಿ, ಏನನ್ನೋ ಪಕ್ಕಡಿನಿಂದ ಕಿತ್ತು, ಇಳಿದು ಬಂದು ಶೇಠರ ಅಂಗೈಯಲ್ಲಿಟ್ಟ. ಎರಡಿಂಚಿನ ಮೊಳೆ. ತಲೆಗೆ ಬ್ಯಾನರಿನ ಹರಿದ ತುಣುಕು ಸಿಕ್ಕಿಕೊಂಡಿತ್ತು, ಕೇಸರಿ ಬಣ್ಣದ್ದು. ತಲೆ ಎತ್ತಿ ನೋಡಿದೆ. ಬ್ಯಾನರಿನ ಮೇಲಿನ ಮೂಲೆ ಕಂಬದಿಂದ ಕಳಚಿ ಜೋತುಬಿದ್ದಿತ್ತು. ಶೇಠರ ಫೋಟೊ ಅರ್ಧ ಮಡಚಿತ್ತು. ಹಬ್ಬದ ಗಡಿಬಿಡಿಯಲ್ಲಿ ಹೊಡೆದ ಮೊಳೆ ಕೇಬಲ್ಲಿನ ಸುತ್ತಿನೊಳಗೆ ಹೋಗಿತ್ತು. ಕೇಬಲ್ಲನ್ನು ಯಾರೂ ಬೇಕೆಂದು ಕೆಡಿಸಿರಲಿಲ್ಲ.

ಶೇಠರು ಮೊಳೆ ನೋಡಿದರು, ಬ್ಯಾನರ್ ನೋಡಿದರು, ನನ್ನನ್ನು ನೋಡಿದರು. ಮುಷ್ಟಿ ಮುಚ್ಚಿದರು.

"ಟಾಚಣಿ ಸಿಕ್ತು" ಎಂದು ಜನರಿಗೆ ಹೇಳಿದರು.

ಮುಂದಿನದು ಬಹಳ ಹೊತ್ತು ನಡೆಯಲಿಲ್ಲ. ಮಾರುತಿ ಅಣ್ಣನನ್ನು ತೋಳು ಹಿಡಿದು ಮಂಟಪಕ್ಕೆ ಒಯ್ದರು. ಗಣಪತಿಯ ಮುಂದೆ ಮೂಗು ತಿಕ್ಕಿ ತಪ್ಪಾಯಿತು ಅನ್ನಬೇಕು ಎಂದರು. "ಮಾಡಲಾರದ್ದಕ್ಕ ಹೆಂಗ ಅನ್ಲಿ?" ಎಂದು ಅವರು ಎರಡು ಸಲ ಕೇಳಿದರು. ಎರಡನೇ ಸಲಕ್ಕೆ ಯಾರೋ ಕೆನ್ನೆಗೆ ಹೊಡೆದರು. ಅವರ ಸಣ್ಣ ಮಗಳು ಗುಂಪಿನೊಳಗೆ ನುಗ್ಗಿ ಅಪ್ಪನ ಅಂಗಿ ಹಿಡಿದು ಕಿರುಚತೊಡಗಿದಳು. ಮಗುವಿನ ಮುಖ ನೋಡಿ ಮಾರುತಿ ಅಣ್ಣ ಮೊಣಕಾಲೂರಿದರು. ಮೂಗು ನೆಲಕ್ಕೆ ತಾಗಿಸಿದರು. ತಪ್ಪಾಯಿತು ಅಂದರೋ ಇಲ್ಲವೋ ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಲೈನು ಸರಿಯಾಗಿ ಮನೆಮನೆಯ ಟಿವಿಗಳು ಹತ್ತಿದ್ದವು. ಮಂಟಪದ ಕ್ಯಾಮೆರಾ ಚಾಲೂ ಇತ್ತು. ಕೆಳಗಿನ ಓಣಿಯವರು ಅದನ್ನು ಕುಳಿತಲ್ಲೇ ನೋಡಿದರಂತೆ.

ನಾಲ್ಕು ಗಂಟೆಯ ಬಸ್ಸಿಗೆ ನಾನು ಬೆಳಗಾವಿಗೆ ಬಂದೆ.

ಎರಡು ದಿನ ಬಿಟ್ಟು ಶೇಠರು ಕುಂದಾದ ಡಬ್ಬಿ ಹಿಡಿದು ಅಂಗಡಿಗೆ ಬಂದರು. "ನಿಮ್ಮ ಬಾಯಿ ಇರಲಿಲ್ಲಂದ್ರ ಕಳ್ಳ ಸಿಗತಿರಲಿಲ್ರೀ ಸಾಹೇಬ್ರ" ಎಂದರು. ನನ್ನ ಕಡೆ ನೋಡಿದಾಗ ಅವರ ಕಣ್ಣಿನಲ್ಲಿ ಬೆದರಿಕೆ ಇರಲಿಲ್ಲ. ನಾವಿಬ್ಬರೂ ಒಂದೇ ಎನ್ನುವ ಸಲುಗೆ ಇತ್ತು. ಬೆದರಿಕೆಯಾಗಿದ್ದರೆ ತಡೆದುಕೊಳ್ಳಬಹುದಾಗಿತ್ತು. ಸಾಹೇಬರು ಹಿಗ್ಗಿ ಎಲ್ಲರಿಗೂ ಕುಂದಾ ಹಂಚಿದರು. ನಾನೂ ತಿಂದೆ. ಆ ತಿಂಗಳೇ ನನ್ನ ಕೆಲಸ ಕಾಯಂ ಆಯಿತು. ಅಪ್ಪ ಓಣಿಯವರಿಗೆಲ್ಲ ಪೇಢೆ ಕೊಟ್ಟರು.

ದೀಪಾವಳಿಯ ಹೊತ್ತಿಗೆ ತಡೆದುಕೊಳ್ಳಲಾಗಲಿಲ್ಲ. ಯಾರಿಗೂ ಹೇಳದೆ ಖಾನಾಪುರಕ್ಕೆ ಹೋದೆ. ಮಳೆ ಮುಗಿದು ಗದ್ದೆಗಳಲ್ಲಿ ಭತ್ತ ಹಳದಿಯಾಗಿತ್ತು. ಮಾರುತಿ ಅಣ್ಣ ಇರಲಿಲ್ಲ. ಕಳ್ಳನನ್ನು ಮಾಳಿಗೆಯ ಮೇಲೆ ಯಾರು ಹತ್ತಿಸಿಕೊಳ್ಳುತ್ತಾರೆ? ಡಿಶ್ಶಿನ ಕೆಲಸ ನಿಂತಿತ್ತು. ಗೋವಾದಲ್ಲಿ ಯಾವುದೋ ಹೋಟೆಲ್ಲಿನ ವೈರಿಂಗ್ ಕೆಲಸಕ್ಕೆ ಹೋಗಿದ್ದರು. ಲಕ್ಷ್ಮೀ ವೈನಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕುಂದರ್ರಿ ಅನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಸುತ್ತು, ಮೊಳೆ, ಬ್ಯಾನರ್, ಸಾಹೇಬರ ಹೆದರಿಕೆ, ನನ್ನ ನೌಕರಿ. ಅಳುತ್ತಲೇ ಹೇಳಿದೆ.

ಅವರು ಮೊರ ಕೆಳಗಿಟ್ಟರು.

"ನನಗ ಯಾಕ ಹೇಳತೀರಿ? ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ. ಬರ್ರಿ."

ನನ್ನ ಮಣಿಕಟ್ಟು ಹಿಡಿದು ಓಣಿಯುದ್ದಕ್ಕೂ ನಡೆಸಿಕೊಂಡು ಹೋದರು. ಮೂಲೆಯ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಏಳೆಂಟು ಜನ ಕುಳಿತಿದ್ದರು. "ಇವ್ರು ಒಂದ ಮಾತ ಹೇಳಬೇಕಂತಾರ. ಕೇಳ್ರಿ" ಎಂದು ನನ್ನನ್ನು ಮುಂದೆ ನಿಲ್ಲಿಸಿದರು.

ಹೇಳಿದೆ. ಕಂಬಕಂಬಕ್ಕೆ ಸುತ್ತು ಇರುತ್ತದೆ, ಯಂತ್ರ ಅದನ್ನೂ ಸೇರಿಸಿ ಅಳೆಯುತ್ತದೆ, ಅದನ್ನು ಕಳೆಯಬೇಕು ಎಂದೆ. ನನ್ನ ಮಾತು ನನಗೇ ತೊಡಕಾಗಿ ಕೇಳುತ್ತಿತ್ತು.

"ಅಂದ್ರ ಮಷಿನ್ ತಪ್ಪ ಹೇಳ್ತೇನ್ರಿ?" ಕಿರಾಣಿಯವರು ಕೇಳಿದರು.

"ಮಷಿನ್ ತಪ್ಪಲ್ರೀ. ಕಳಿಯೂದು ನಾ ಬಿಟ್ಟೆ."

"ಮತ್ತ ಟಾಚಣಿ ಸಿಕ್ತಲ್ಲ?"

"ಟಾಚಣಿ ಅಲ್ರೀ ಅದು, ಮೊಳಿ. ಬ್ಯಾನರಿಗೆ ಹೊಡದ ಮೊಳಿ."

"ಮೊಳಿ ಎಲ್ಲೈತ್ರಿ?"

ನನ್ನ ಬಳಿ ಮೊಳೆ ಇರಲಿಲ್ಲ. ಒಬ್ಬ ಮುದುಕಿ ಪಕ್ಕದವಳಿಗೆ ಮರಾಠಿಯಲ್ಲಿ ಏನೋ ಅಂದಳು. ಅವಳು ತಲೆಯಾಡಿಸಿ ಕನ್ನಡದಲ್ಲಿ ಎಲ್ಲರಿಗೂ ಹೇಳಿದಳು. "ಆ ಮನ್ಯಾಗ ದಿನಾ ಉಂಡಾರಲ್ಲ ಇವರು. ಪಾಪ, ಉಂಡ ಮನಿ ಸಲುವಾಗಿ ಹೇಳಾಕ ಬಂದಾರ. ಒಳ್ಳೇ ಮನಸ್ಸ."

"ಹಬ್ಬದ ಟೈಮಿಗೆ ಯಾಕ್ರೀ ಅದೆಲ್ಲಾ, ಆಗಿ ಹೋತು ಬಿಡ್ರಿ" ಎಂದು ಕಿರಾಣಿಯವರು ನನ್ನನ್ನು ಸಮಾಧಾನ ಮಾಡಿದರು. ನನ್ನನ್ನು!

ಲಕ್ಷ್ಮೀ ವೈನಿ ಮಣಿಕಟ್ಟು ಬಿಟ್ಟರು. "ಅವತ್ತ ಹೇಳಿದ್ರ ಇವರೆಲ್ಲಾ ನಂಬತಿದ್ರು" ಎಂದರು. ಬೈದದ್ದಲ್ಲ, ಒಂದು ಸಂಗತಿ ಹೇಳಿದ ಹಾಗೆ. ತಿರುಗಿ ಮನೆಗೆ ಹೋದರು. ಬಸ್‌ಸ್ಟ್ಯಾಂಡಿಗೆ ಶೇಠರ ಆಫೀಸಿನ ಮುಂದಿನಿಂದಲೇ ಹೋಗಬೇಕು. ಬಾಗಿಲು ತೆರೆದಿತ್ತು, ಒಳಗೆ ಅವರು ಫೋನಿನಲ್ಲಿ ನಗುತ್ತಿದ್ದರು. ನಾನು ನಡಿಗೆ ಚುರುಕು ಮಾಡಿದೆ.

ಮುಂದಿನ ಬೇಸಿಗೆಗೆ ವೈನಿ ಮಕ್ಕಳನ್ನು ಕರೆದುಕೊಂಡು ಗೋವಾಕ್ಕೆ ಹೋದರೆಂದು ಬಸುವಿನಿಂದ ತಿಳಿಯಿತು. ಅಲ್ಲಿಂದ ಆಚೆಗೆ ಗೊತ್ತಿಲ್ಲ. ನಾನು ಅಂಗಡಿಯಲ್ಲೇ ಉಳಿದೆ. ಸಾಹೇಬರಿಗೆ ವಯಸ್ಸಾಗಿ ಈಗ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಹೊಸಬರಿಗೆ ಯಂತ್ರ ಹಿಡಿಯುವುದನ್ನು ಕಲಿಸುವಾಗ, ಅಂಕಿಯನ್ನು ಬಾಯಿಬಿಟ್ಟು ಹೇಳುವ ಮೊದಲು ಬರೆದುಕೊಳ್ಳಿ ಎನ್ನುತ್ತೇನೆ. ಯಾಕೆಂದು ಯಾರೂ ಕೇಳಿಲ್ಲ.

ಅಟ್ಟದ ಮೇಲೆ ಆ ಸುರುಳಿ ಸಿಕ್ಕ ಮೂರನೇ ದಿನ ಖಾನಾಪುರಕ್ಕೆ ಹೋದೆ. ಕೆಲಸವೇನೂ ಇರಲಿಲ್ಲ. ಓಣಿಗೆ ಸಿಮೆಂಟ್ ಹಾಕಿದ್ದಾರೆ. ನೀಲಗಿರಿ ಕಂಬಗಳ ಜಾಗದಲ್ಲಿ ಕಬ್ಬಿಣದ ಕಂಬ, ಅವುಗಳ ಮೇಲೆ ನೂಲಿನಂಥ ಫೈಬರ್. ಮಾರುತಿ ಅಣ್ಣನ ಮನೆಯಲ್ಲಿ ಬೇರೆ ಯಾರೋ ಇದ್ದರು. ಗೋಡೆಗೆ ಹಸಿರು ಬಣ್ಣ. ಎದುರಿಗೆ ಹೊಸದೊಂದು ಚಹಾದ ಅಂಗಡಿ ಆಗಿದೆ. ಕಾಲು ನೋಯುತ್ತಿತ್ತು, ಕುಳಿತೆ. ಅಂಗಡಿಯವ ನನ್ನ ವಯಸ್ಸಿನವ. ಯಾರ ಮನೆ ಬೇಕೆಂದು ಕೇಳಿದ. ಮೊದಲು ಇಲ್ಲಿ ಮಾರುತಿ ಅಂತ ಇದ್ದರಲ್ಲ ಅಂದೆ.

"ಹಾಂ, ಇದ್ದ ಇದ್ದ. ಕೇಬಲ್‌ಗೆ ಟಾಚಣಿ ಚುಚ್ಚಾಂವ. ದೊಡ್ಡ ಕಥೀನ ಆಗಿತ್ರೀ ಅದು. ಬೆಳಗಾವಿಯಿಂದ ಒಬ್ಬಾಕಿ ಬಾಯಿ ಮಷಿನ್ ತಂದು, ಇಲ್ಲಿಂದ ಇಷ್ಟ ಮೀಟರ್ ಅಂದ್ಲಂತ. ಸೀದಾ ಅವನ ಬಾಗಲಕ್ಕ ಹಚ್ಚಿ ನಿಂದರಿಸಿದ್ಲಂತ. ಈಗೂ ಹೇಳತಾರ."

"ಆ ಬಾಯಿ ನಾನ" ಅಂದೆ. "ಅವ್ರು ಚುಚ್ಚಿರಲಿಲ್ಲ. ಬ್ಯಾನರಿನ ಮೊಳಿ ಹೊಕ್ಕಿತ್ತು. ನಾನು ಅವತ್ತ ಹೇಳಬೇಕಾಗಿತ್ತು, ಹೇಳಲಿಲ್ಲ."

ಅವನ ಮುಖ ಅರಳಿತು. ಮಾತಿನ ಮೊದಲ ಭಾಗವಷ್ಟೇ ಕಿವಿಗೆ ಹೋಗಿತ್ತು. ಒಳಗೆ ತಿರುಗಿ ಹೆಂಡತಿಯನ್ನು ಕರೆದ. "ಏ, ಬಾ ಇಲ್ಲಿ! ಆ ಮಷಿನ್ ಬಾಯಿ ಅಂದ್ರ ಇವರ ನೋಡ." ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು. ನಾನು ಮತ್ತೆ ಹೇಳಿದೆ, ಈ ಸಲ ಗಟ್ಟಿಯಾಗಿ, ಮಾರುತಿ ತಪ್ಪು ಮಾಡಿರಲಿಲ್ಲವೆಂದು.

"ಹಂಗ್ಯಾಕ ಅಂತೀರ್ರೀ" ಎಂದ ಅವನು, ನನ್ನ ದೊಡ್ಡಗುಣಕ್ಕೆ ತಲೆಯಾಡಿಸುತ್ತ. "ಎಲ್ಲೈತಿ ಅಂತ ಅವನೇ ಜಾಗಾ ತೋರಿಸಿದ್ನಲ್ಲ."

ಚಹಾ ತಂದಿಟ್ಟ. ಪರ್ಸ್ ತೆಗೆದರೆ ಎರಡೂ ಕೈ ಅಡ್ಡ ಹಿಡಿದು, ನಿಮ್ಮಿಂದ ತಗೋಬಾರದು ಎಂದು ಹಟ ಮಾಡಿದ. ಗಂಡ ಹೆಂಡತಿ ಇಬ್ಬರೂ ನಿಂತು ನೋಡುತ್ತಿದ್ದರು. ನಾನು ಕುಡಿದೆ.